ಬಲಗಡೆ ಸೀಟಿನ ಮಾವ

ನಮ್ಮ ಹನುಮಂತರಾಯಪ್ಪ ಮಾವ ಒಂದು ಕೆ.ಜಿ. ಟೊಮೇಟೊ ಕೊಳ್ಳುವುದಕ್ಕೂ ಹೆಗಲ ಮೇಲಿನ ಟವಲ್ ತೆಗೆಯುತ್ತಿದ್ದರು. ಮಧುಗಿರಿ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಮುಂದೆ ಕುಕ್ಕರಗಾಲಲ್ಲಿ ಕೂತು, ಟವಲನ್ನು ಬಲಗೈ ಮೇಲೆ ಹೊದಿಸಿ, "ಎಲ್ಲಿ, ಕೈ ಕೊಡವ್ವ" ಎನ್ನುತ್ತಿದ್ದರು. ಗೊತ್ತಿದ್ದವರು ನಗುತ್ತಾ ಕೈ ಕೊಡುತ್ತಿದ್ದರು. ಗೊತ್ತಿಲ್ಲದವರು ತಕ್ಕಡಿ ಎತ್ತುತ್ತಿದ್ದರು. ಒಬ್ಬಾಕೆಯಂತೂ ಅರ್ಧ ಕೆ.ಜಿ. ತೂಕದ ಕಲ್ಲನ್ನೇ ಬೀಸಿದ್ದಳು. ಮಾವ ತಲೆ ಬಗ್ಗಿಸಿ ತಪ್ಪಿಸಿಕೊಂಡು, "ಅರ್ಧ ಸಾಕು ಅಂತ ನಾನೂ ಹೇಳೋನಿದ್ದೆ ಕಣವ್ವ, ಎಸೀಬ್ಯಾಡ" ಎಂದು ಟೊಮೇಟೊ ತೆಗೆದುಕೊಂಡೇ ಬಂದರು.

ಇದರಲ್ಲಿ ಅವರ ತಪ್ಪೇನಿಲ್ಲ. ನಲವತ್ತು ವರ್ಷ ಎತ್ತಿನ ವ್ಯಾಪಾರದಲ್ಲಿ ದಲ್ಲಾಳಿಯಾಗಿದ್ದ ಕೈ ಅದು. ಎತ್ತಿನ ವ್ಯಾಪಾರವನ್ನು ಬಾಯಲ್ಲಿ ಮಾಡುವುದಿಲ್ಲ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು ಎಂದು ಟವಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅದು ಸಾವಿರವೋ ಲಕ್ಷವೋ ಎನ್ನುವುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಬೆರಳು ಕೊಟ್ಟು ಬಿಟ್ಟಮೇಲೆ ಮಾತು ಮುಗಿದಂತೆ. "ನಾಲಗೆ ಹಿಂದಕ್ಕೆ ಓಯ್ತದೆ ಕಣಮ್ಮ, ಬೆರಳು ಹಿಂದಕ್ಕೆ ಓಗಲ್ಲ" ಎನ್ನುವುದು ಮಾವನ ಸಿದ್ಧಾಂತ.

ಮಾವ ನನ್ನ ತಾಯಿಯ ತಮ್ಮ. ಮಧುಗಿರಿಯಿಂದ ನಾಲ್ಕು ಮೈಲಿ ಆಚೆಗಿನ ಹಳ್ಳಿ. ಕಡ್ಡಿಯಂಥ ಕಾಲು, ಹುರಿ ಮಾಡಿದ ಮೀಸೆ, ಅಂಗಿಯ ಜೇಬಿನಲ್ಲಿ ನಶ್ಯದ ಡಬ್ಬಿ. ಪ್ರಪಂಚದಲ್ಲಿರುವ ಎಲ್ಲವನ್ನೂ ಅವರು ಎತ್ತಿನಂತೆಯೇ ನೋಡುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಮಂಜುನಾಥ ನನ್ನನ್ನು ನೋಡಲು ಬಂದಾಗ, ಎಲ್ಲರೂ ಸಂಬಳ, ಜಾತಕ ಎಂದು ಕೇಳುತ್ತಿದ್ದರೆ, ಮಾವ ಅವರ ಕೈಗೆ ಒಂದು ಗಿಟುಕು ಕೊಬ್ಬರಿ ಕೊಟ್ಟು ಅಗಿಯುವುದನ್ನು ನೋಡುತ್ತಾ ಕೂತರು. ಆಮೇಲೆ, "ಅಳೀಮಯ್ಯ, ಒಸಿ ಆ ಬೋರಿಂಗ್ ತಂಕ ನಡ್ಕಂಡು ಹೋಗ್ಬುಟ್ಟು ಬನ್ನಿ" ಎಂದರು. ಪಾಪ, ನೀರು ತರಬೇಕೇನೋ ಎಂದುಕೊಂಡ ಮಂಜುನಾಥ ಬಿಂದಿಗೆ ಕೇಳಿದರು. "ಬಿಂದಿಗೆ ಬ್ಯಾಡ, ಬರೀ ನಡೀರಿ." ಅವರು ಹೋಗಿ ಬರುವಷ್ಟರಲ್ಲಿ ಮಾವ ಅಮ್ಮನ ಕಿವಿಯಲ್ಲಿ ತೀರ್ಪು ಹೇಳಿಯಾಗಿತ್ತು: "ಹುಡ್ಗ ನಿಧಾನ. ಆದ್ರೆ ಹಾಯಲ್ಲ, ಒದೆಯಲ್ಲ. ಕಟ್ಕಬೋದು." ಈ ಮಾತು ಪರದೆಯ ಹಿಂದಿದ್ದ ನನಗೂ ಕೇಳಿಸಿತು, ಹೊಸಿಲು ದಾಟುತ್ತಿದ್ದ ಮಂಜುನಾಥನಿಗೂ ಕೇಳಿಸಿತು. ಇವತ್ತಿಗೂ ನಮ್ಮ ಮನೆಯಲ್ಲಿ ಜಗಳವಾದರೆ ಅವರು ಮೊದಲು ಹೇಳುವುದೇ, "ನಾನು ಹಾಯಲ್ಲ, ಒದೆಯಲ್ಲ, ನೆನಪಿರಲಿ" ಎಂದು.

ಕಾಲ ಬದಲಾಯಿತು. ಊರಲ್ಲಿ ಟ್ರಾಕ್ಟರುಗಳು ಬಂದವು, ಎತ್ತುಗಳು ಹೋದವು. ಹೋಗುವ ಮುಂಚೆ ಮಾವನ ಹೆಸರಿಗೆ ಒಂದು ಮಸಿಯನ್ನೂ ಬಳಿದು ಹೋದವು. ಕೊನೆಯದಾಗಿ ಅವರು ನೋಡಿ ಆರಿಸಿಕೊಟ್ಟ ಜೋಡಿಯಲ್ಲಿ ಬಲದ ಎತ್ತು ನೇಗಿಲು ಕಂಡ ಕೂಡಲೇ ಮಲಗಿಬಿಡುತ್ತಿತ್ತು. ಕೊಂಡವನು ಅವರದೇ ಊರಿನವನು. ಅವನು ಜಗಳವಾಡಲಿಲ್ಲ, ಎತ್ತನ್ನು ತಂದು ಮಾವನ ಜಗುಲಿಯ ಮುಂದೆ ಕಟ್ಟಿ, "ನಿಮ್ಮನೆ ಮುಂದೇನೇ ಮಲಗ್ಲಿ ಬುಡಿ" ಎಂದು ಹೋದ. ಅದು ಮಲಗಿತು. ಊರೆಲ್ಲ ನೋಡಿತು. ಅಲ್ಲಿಂದಾಚೆಗೆ ಮಾವನನ್ನು ಯಾರೂ ಏನನ್ನೂ ನೋಡಲು ಕರೆಯಲಿಲ್ಲ. ಟೊಮೇಟೊ ಮಾತ್ರ ಉಳಿಯಿತು.

ಈಗ ನನ್ನ ಹುಚ್ಚಿನ ವಿಷಯಕ್ಕೆ ಬರುತ್ತೇನೆ. ನಾನು ಕೊರಟಗೆರೆಯ ಬಳಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ವಾರದಲ್ಲಿ ಆರು ದಿನ ಸೀಟಿ ಊದಿ ಬೇರೆಯವರ ಮಕ್ಕಳನ್ನು ಓಡಿಸಿ, ಭಾನುವಾರ ನನ್ನ ಎರಡು ಮಕ್ಕಳು ಸೋಫಾದ ಮೇಲೆ ಹಲಸಿನ ಹಣ್ಣಿನಂತೆ ಬಿದ್ದಿರುವುದನ್ನು ನೋಡಿದರೆ ಮೈ ಉರಿಯುತ್ತಿತ್ತು. ಮಂಜುನಾಥನ ಪ್ರಕಾರ ವಿಹಾರ ಎಂದರೆ ತುಮಕೂರಿಗೆ ಹೋಗಿ ದೋಸೆ ತಿಂದು ವಾಪಸು ಬರುವುದು. ನನಗೋ, ನಮ್ಮ ಮನೆಯ ಹಿಂದಿನಿಂದಲೇ ಶುರುವಾಗುವ ಒಣ ಕೆರೆಯ ಅಂಗಳ, ಅದರಾಚೆಯ ಗುಡ್ಡ, ಜಾಲಿಮರದ ನಡುವಿನ ಬಂಡಿಜಾಡು ಇಷ್ಟನ್ನೂ ಮಕ್ಕಳಿಗೆ ತೋರಿಸಬೇಕು. ಕಾರು ಅಲ್ಲಿ ಹೋಗುವುದಿಲ್ಲ. ಸ್ಕೂಟರು ಹೋದರೆ ಬೀಳುತ್ತದೆ, ಬಿದ್ದೂ ನೋಡಿದ್ದೇನೆ.

ಹೀಗಿರುವಾಗ ಪಾವಗಡದಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಒಂದು ಫೋಟೊ ತೋರಿಸಿದರು. ಜೀಪೂ ಅಲ್ಲ, ಟ್ರಾಕ್ಟರೂ ಅಲ್ಲ. ಅಕ್ಕಪಕ್ಕ ಎರಡು ಸೀಟು, ಮೇಲೆ ಕಬ್ಬಿಣದ ಪೈಪಿನ ಪಂಜರ, ಬಾಗಿಲೇ ಇಲ್ಲ, ಹಿಂದೆ ಸಾಮಾನು ಹಾಕುವ ತೊಟ್ಟಿ, ಗುಂಡಗೆ ಊದಿಕೊಂಡ ನಾಲ್ಕು ಟೈರು. ಕಲ್ಲು, ಮರಳು, ಹಳ್ಳ ಯಾವುದಕ್ಕೂ ಹೆದರದ ವಿದೇಶಿ ಗಾಡಿ. ಇಂಗ್ಲಿಷಿನಲ್ಲಿ ಇದಕ್ಕೆ ಸೈಡ್ ಬೈ ಸೈಡ್ ಎನ್ನುತ್ತಾರಂತೆ. ರಾಯಚರ್ಲು ಕಡೆ ಸೋಲಾರ್ ಕೆಲಸ ಹಿಡಿದಿದ್ದ ಕಂಟ್ರಾಕ್ಟರೊಬ್ಬರು ಫಲಕಗಳ ಸಾಲಿನ ನಡುವೆ ಓಡಾಡಲು ಇಟ್ಟುಕೊಂಡಿದ್ದರು. ಕೆಲಸ ಮುಗಿದಿದೆ, ಮಾರುತ್ತಾರೆ.

"ನಂಬರ್ ಪ್ಲೇಟ್ ಇಲ್ಲ" ಎಂದರು ಮಂಜುನಾಥ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ದೇವರ ಫೋಟೊ ನೋಡಿದರೂ ಮೊದಲು ಸೀಲು ಹುಡುಕುತ್ತಾರೆ.

"ರಸ್ತೆಗೆ ಇಳಿಸಲ್ಲ. ಹಿತ್ತಲಿನಿಂದ ನೇರ ಕೆರೆಗೆ."

"ಬಾಗಿಲೂ ಇಲ್ಲ."

"ಬೆಲ್ಟ್ ಇದೆ."

ಅವರು ನಿಟ್ಟುಸಿರು ಬಿಟ್ಟು ಒಂದೇ ಒಂದು ಷರತ್ತು ಹಾಕಿದರು: ಹಳೇ ಗಾಡಿ, ಗೊತ್ತಿರುವವರು ಒಬ್ಬರು ನೋಡಿ ಸರಿ ಎನ್ನಬೇಕು. ಗೊತ್ತಿರುವವರು ಎಂದರೆ ಶಿರಾದ ಮೆಕ್ಯಾನಿಕ್ ಮಸ್ತಾನ್ ಭಾಯ್. ಫೋನ್ ಮಾಡಿದರೆ ಅವರ ಮನೆಯಲ್ಲಿ ತಂಗಿಯ ಮಗಳ ಮದುವೆ. ಹತ್ತು ದಿನ ಸ್ಪ್ಯಾನರ್ ಮುಟ್ಟುವುದಿಲ್ಲ ಎಂದರು. ಅದೇ ದಿನ ಮಾವ ಅವರೇಕಾಯಿ ಚೀಲ ಹೊತ್ತು ನಮ್ಮ ಮನೆಗೆ ಬಂದಿದ್ದರು. ಮಜ್ಜಿಗೆ ಕುಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಲೋಟ ಕೆಳಗಿಟ್ಟು, "ನಾನ್ ನೋಡ್ತೀನಿ" ಎಂದರು.

ನಾನೂ ಮಂಜುನಾಥನೂ ಮುಖ ಮುಖ ನೋಡಿಕೊಂಡೆವು.

"ಮಾವ, ಅದು ಇಂಜಿನ್ನು..." ಎಂದು ಶುರುಮಾಡಿದೆ.

"ಗೊತ್ತು ಕಣಮ್ಮ. ಎತ್ಗೂ ಹೊಟ್ಟೆಯೊಳ್ಗೆ ಏನೈತೆ ಅಂತ ಯಾವನು ಬಗ್ದು ನೋಡ್ತಾನೆ? ನಡೆ ನೋಡಿ ತಾನೆ ಹೇಳೋದು." ಆಮೇಲೆ ಮೆಲ್ಲಗೆ ಅಂದರು: "ಇದೊಂದ ನನ್ ಕೈಗೆ ಕೊಟ್ಬುಡು ಸುಧಮ್ಮ. ಇದೂ ಮಲಗ್ತು ಅಂದ್ರೆ ಇನ್ ಜನ್ಮದಾಗೆ ಟವಲ್ ಮುಟ್ಟಕಿಲ್ಲ." ಆ ಮಾತು ಹೇಳುವಾಗ ಅವರ ಕೈ ಟವಲ್ಲಿನ ಅಂಚನ್ನು ಹಿಂಡುತ್ತಿತ್ತು. ನನಗೆ ಬೇಡ ಎನ್ನಲಾಗಲಿಲ್ಲ. ಮಂಜುನಾಥ ಅವರೇಕಾಯಿ ಬಿಡಿಸಲು ಕೂತರು.

ಮುಂದಿನ ಭಾನುವಾರ ಮಧುಗಿರಿಯಲ್ಲಿ ಬಸ್ಸಿಗೆ ಹತ್ತಿದ ಮಾವ ಮದುವೆಗೆ ಹೊರಟವರಂತೆ ಇಸ್ತ್ರಿ ಪಂಚೆ ಉಟ್ಟಿದ್ದರು. ಪಾವಗಡದಲ್ಲಿ ಇಳಿದು ಆಟೊ ಹಿಡಿದೆವು. ಕಣ್ಣು ಹಾಯುವಷ್ಟು ದೂರ ನೀಲಿ ಫಲಕಗಳು. ಮಾವ ಅದನ್ನು ನೋಡಿ, "ಇಷ್ಟು ಕನ್ನಡಿ ಇಟ್ಟವ್ರೆ, ತಲೆ ಬಾಚ್ಕಳೋನು ಒಬ್ನೂ ಇಲ್ವಲ್ಲ" ಎಂದರು. ಶೆಡ್ಡಿನ ಬಳಿ ಕಂಟ್ರಾಕ್ಟರ ಸೂಪರ್‌ವೈಸರ್ ಓಬಳೇಶ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ. "ಚೂಡಣ್ಣಾ, ಫಸ್ಟ್ ಕ್ಲಾಸ್ ಬಂಡಿ. ಏಮೀ ಪ್ರಾಬ್ಲಮ್ ಲೇದು" ಎಂದು ತೆಲುಗಿನಲ್ಲಿ ಹೊಗಳಿದ.

ಮಾವ ಇಪ್ಪತ್ತು ಅಡಿ ದೂರದಲ್ಲೇ ಗಾಡಿಯ ಸುತ್ತ ಮೂರು ಸುತ್ತು ಬಂದರು. ಆಮೇಲೆ ಮುಂದಿನ ಟೈರಿನ ಹತ್ತಿರ ಕೂತು ಅದರ ಗುಬುಟುಗಳನ್ನು ಒಂದೊಂದಾಗಿ ಮುಟ್ಟಿ, "ಆರು ಹಲ್ಲು. ವಯಸ್ಸು ಐತೆ, ಮುದಿಯಾಗಿಲ್ಲ" ಎಂದರು. ಮೂತಿಯ ಮೇಲಿದ್ದ ಗೀರುಗಳನ್ನು ಎತ್ತಿನ ಹಣೆಯ ಸುಳಿ ನೋಡುವಂತೆ ನೋಡಿ, "ಸುಳಿ ಸುದ್ಧವಾಗೈತೆ" ಎಂದರು. ಇದ್ದಕ್ಕಿದ್ದಂತೆ ಎದ್ದು ಟವಲನ್ನು ಗಾಡಿಯ ಮೂತಿಗೆ ಪಟಾರನೆ ಬೀಸಿದರು. ಓಬಳೇಶ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಗಾಡಿ ನಿಂತಲ್ಲೇ ನಿಂತಿತ್ತು. "ಬೆದರಲ್ಲ" ಎಂದು ಮಾವ ತಲೆಯಾಡಿಸಿದರು.

ಆಮೇಲೆ ಸ್ಟೀರಿಂಗ್ ಕಂಡಿತು. ವಿದೇಶಿ ಗಾಡಿಯಾದ್ದರಿಂದ ಅದು ಎಡಗಡೆಗಿತ್ತು. ಮಾವ ಬಹಳ ಹೊತ್ತು ಯೋಚಿಸಿದರು. "ಹಗ್ಗ ಎಡಗಡೆ ಕಟ್ಟವ್ರಲ್ಲಮ್ಮ. ಹಂಗಾರೆ ಬಲಗಡೆ ಕುಂತೋನು ಏನ್ ಮಾಡ್ತಾನೆ?"

"ಸುಮ್ಮನೆ ಕೂತಿರ್ತಾನೆ ಮಾವ."

"ಸುಮ್ಕೆ ಕುಂತ್ಕಳಕ್ಕೆ ಸೀಟು ಕೊಟ್ಟವ್ರಾ? ಭಲೆ!" ಅದು ಅವರಿಗೆ ತುಂಬಾ ಹಿಡಿಸಿತು.

"ನಡೆಸಿ ತೋರ್ಸಪ್ಪ" ಎಂದರು ಕೊನೆಗೆ. ಓಬಳೇಶ ಗಾಡಿ ಓಡಿಸಿದ. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಹಿಂದೆ ಹಿಂದೆ, ಹೊಗೆ ಕುಡಿಯುತ್ತಾ, ಅರ್ಧ ಮೈಲಿ ನಡೆದರು. ತಿರುಗಿ ಬಂದಾಗ ಮುಖ ಗಂಭೀರವಾಗಿತ್ತು. "ಮೈಯೆಲ್ಲ ಚೆನ್ನಾಗೈತೆ. ಹಿಂದ್ಲ ಎಡಗಾಲು ಒಸಿ ನೋಯ್ತೈತೆ, ಅದ್ನ ಮರೆ ಮಾಡವ್ನೆ." ಓಬಳೇಶ ನಕ್ಕುಬಿಟ್ಟ. ಗಾಡಿಗೆ ಕಾಲು ನೋವಾ ಎಂದು ನನಗೂ ನಗು ಬಂತು, ಕೆಮ್ಮಿ ಮರೆಸಿದೆ.

ಬೆಲೆ ಮೂರು ಲಕ್ಷ, ಒಂದು ರೂಪಾಯಿ ಕಮ್ಮಿಯಿಲ್ಲ ಎಂದ ಓಬಳೇಶ. ಮಾವ ಟವಲ್ ಬಿಡಿಸಿದರು. "ಕೈ ಕೊಡಪ್ಪ." ಕೈಕುಲುಕುತ್ತಾರೇನೋ ಎಂದುಕೊಂಡು ಅವನು ಕೊಟ್ಟ. ಟವಲ್ಲಿನ ಕೆಳಗೆ ಮಾವನ ಬೆರಳುಗಳು ಕೆಲಸ ಶುರುಮಾಡಿದವು. ಓಬಳೇಶನಿಗೆ ವಿಪರೀತ ಕಚಗುಳಿ ಎನ್ನುವುದು ಆಗ ಗೊತ್ತಾಯಿತು. "ಅಯ್ಯೋ ಅಣ್ಣಾ! ವದಲಣ್ಣಾ!" ಎಂದು ಅವನು ಮೈಯೆಲ್ಲ ತಿರುಚಿಕೊಂಡು ನಗುತ್ತಾ ಕೈ ಎಳೆಯತೊಡಗಿದ. ಮಾವ ಬಿಡಲಿಲ್ಲ, ನಲವತ್ತು ವರ್ಷದ ಹಿಡಿತ. ಕನ್ನಡಕ ಕೆಳಗೆ ಬಿತ್ತು. ಎಳೆದೂ ಎಳೆದೂ ಅವನ ಕೈಯ ಮೂರು ಬೆರಳು ಬಿಡಿಸಿಕೊಂಡು ಈಚೆ ಬಂದವು, ಎರಡು ಮಾವನ ಮುಷ್ಟಿಯಲ್ಲೇ ಉಳಿದವು. ಮಾವ ಟವಲ್ ಕೊಡವಿ ಘೋಷಿಸಿದರು: "ಎರಡು! ಒಪ್ಪವ್ನೆ! ಮುಗೀತು!"

"ಏನ್ ಎರಡು? ನಾನ್ ಎಲ್ಲಿ ಒಪ್ಪಿದೆ?" ಓಬಳೇಶ ಕಣ್ಣೀರು ಒರೆಸಿಕೊಳ್ಳುತ್ತಾ ಕೂಗಿದ.

ಶೆಡ್ಡಿನ ನೆರಳಲ್ಲಿ ಕೂತಿದ್ದ ಮುದುಕ ವಾಚ್‌ಮನ್ ಎದ್ದು ಬಂದ. ಇಷ್ಟು ಹೊತ್ತೂ ಅವನು ಸಿನಿಮಾ ನೋಡುವವನಂತೆ ನೋಡುತ್ತಿದ್ದ. "ಬೆರಳು ಕೊಟ್ಟಾಯ್ತಲ್ಲ ಸಾರ್, ಇನ್ನೇನಿದೆ? ನಾನೇ ನೋಡಿದೀನಿ. ಮಾತು ತಪ್ಪಿದ್ರೆ ಈ ಕಡೆ ಯಾರೂ ನಿಮ್ಗೆ ಒಂದು ಕೋಳೀನೂ ಮಾರಲ್ಲ" ಎಂದ. ಓಬಳೇಶ ಧಣಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ. ಸ್ಪೀಕರಿನಲ್ಲಿ ಒಂದು ವಯಸ್ಸಾದ ದನಿ ಕೇಳಿತು: "ಟವಲ್ ಹಾಕಿದ್ರಾ?"

"ಹಾಕಿದ್ರು ಸಾರ್."

"ಕೈ ಕೊಟ್ಟೆಯಾ?"

"ಕೊಟ್ಟೆ ಸಾರ್, ಆದ್ರೆ ಕಚಗುಳಿ..."

"ನಮ್ಮಪ್ಪಾನೂ ದನದ ವ್ಯಾಪಾರ ಮಾಡ್ದೋನೇ ಕಣಯ್ಯ. ಕೈ ಕೊಟ್ಟಮೇಲೆ ಕಥೆ ಹೇಳ್ಬೇಡ. ಗಾಡಿ ಕೊಟ್ಟು ಕಳಿಸು." ಫೋನ್ ಇಟ್ಟ ಸದ್ದಾಯಿತು. ಮಾವ ಮೀಸೆ ಹುರಿಮಾಡಿಕೊಳ್ಳಲಿಲ್ಲ, ಬೀಗಲಿಲ್ಲ. ಕೆಳಗೆ ಬಿದ್ದಿದ್ದ ಕಪ್ಪು ಕನ್ನಡಕವನ್ನು ಎತ್ತಿ, ಟವಲಿನಿಂದ ಒರೆಸಿ, ಓಬಳೇಶನಿಗೆ ಕೊಟ್ಟರು.

ಗೂಡ್ಸ್ ಗಾಡಿಯ ಮೇಲೆ ಏರಿಸಿಕೊಂಡು ತಂದ ನಮ್ಮ ವಾಹನವನ್ನು ನೋಡಲು ಬೀದಿಗೆ ಬೀದಿಯೇ ಸೇರಿತು. ಮಾವ ಅದಕ್ಕೆ 'ಜೋಡಿ' ಎಂದು ಹೆಸರಿಟ್ಟರು. ಆರತಿ ಎತ್ತಿಸಿದರು. ಮುಂದಿನ ಪೈಪಿಗೆ ಅವರ ಹಳೆಯ ಎತ್ತಿನ ಗೆಜ್ಜೆಸರ ಕಟ್ಟಿದರು. ಹಾರನ್ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ನನ್ನ ಕುತ್ತಿಗೆಯ ಸೀಟಿಯಿತ್ತು. ಅವರ ಊರಿನಿಂದಲೂ ನಾಲ್ಕು ಜನ ಬಂದಿದ್ದರು, ಮಲಗುವ ಎತ್ತನ್ನು ಕೊಂಡಿದ್ದ ಆ ಮನುಷ್ಯನೂ ಸೇರಿದಂತೆ. ಅವನು ಕೈಕಟ್ಟಿ ನಿಂತಿದ್ದ. ಮಾವ ಅವನ ಕಡೆ ನೋಡದಿರಲು ಬಹಳ ಪ್ರಯತ್ನ ಪಡುತ್ತಿದ್ದರು.

ಮೊದಲ ಸವಾರಿ ನಾನು ಮತ್ತು ಮಾವ. ನಾನು ಎಡಗಡೆ ಸ್ಟೀರಿಂಗ್ ಹಿಡಿದೆ, ಅವರು ಬಲಗಡೆ ಬೆಲ್ಟ್ ಬಿಗಿದುಕೊಂಡು ಕೂತರು. "ಎತ್ತಿನ ನಡಿಗೇಲಿ ಬುಡು" ಎಂದರು. ಹಿತ್ತಲು ದಾಟಿ ಕೆರೆ ಅಂಗಳಕ್ಕಿಳಿದೆವು. ಜನರೆಲ್ಲ ಏರಿಯ ಮೇಲೆ ನಿಂತು ನೋಡುತ್ತಿದ್ದರು. ಒಂದು ಫರ್ಲಾಂಗು ಹೋಗಿರಬಹುದು, ಗಾಡಿ ಎರಡು ಸಲ ಕೆಮ್ಮಿತು, ನಡುಗಿತು, ನಿಂತುಹೋಯಿತು. ಕೀಲಿ ತಿರುಗಿಸಿದೆ. ಹೂಂ ಎನ್ನುತ್ತದೆ, ಏಳುವುದಿಲ್ಲ.

"ಮಲಗ್ತು" ಎಂದರು ಮಾವ.

ಅವರು ಬೆಲ್ಟ್ ಬಿಚ್ಚಿ ಇಳಿದು, ಗಾಡಿಯ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಏರಿಯ ಮೇಲೆ ಯಾರೋ ನಕ್ಕ ಸದ್ದು ಕೇಳಿಸಿತು. ನನಗೆ ಅಳುವೇ ಬಂತು, ಗಾಡಿಗಾಗಿ ಅಲ್ಲ. ಏರಿಯಿಂದ ಇಳಿದು ಮಂಜುನಾಥ ನಡೆದು ಬರುವುದು ಕಂಡಾಗ, ಈಗ ಇವರು 'ನಾನು ಮೊದಲೇ ಹೇಳಿದ್ದೆ' ಎಂದರೆ ಸೀಟಿಯಲ್ಲೇ ಹೊಡೆಯುತ್ತೇನೆ ಎಂದುಕೊಂಡೆ. ಅವರು ಹಾಗೆ ಅನ್ನಲಿಲ್ಲ. ಇಸ್ತ್ರಿ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಮಾವನ ಪಕ್ಕ ಕೂತು, "ಮಾವ, ನನ್ನನ್ನೂ ನೀವೇ ಅಲ್ವಾ ನೋಡಿ ಆರಿಸಿದ್ದು? ನಾನೇನು ಮಲಗಿದ್ನಾ?" ಎಂದರು. ಮಾವ ಅವರ ಮುಖ ನೋಡಿ, "ನೀವು ನಡೆಯೋದೂ ಅಷ್ಟಕಷ್ಟೆ ಅಳೀಮಯ್ಯ" ಎಂದರು. ಆದರೂ ಅವರ ಕೈ ಮಂಜುನಾಥನ ಮೊಣಕಾಲ ಮೇಲಿತ್ತು.

ಮದುವೆ ಮುಗಿಸಿದ್ದ ಮಸ್ತಾನ್ ಭಾಯ್ ನಮ್ಮ ಫೋನಿಗೆ ಶಿರಾದಿಂದ ಬೈಕಿನಲ್ಲಿ ಬಂದದ್ದು ಎರಡು ಗಂಟೆಯ ನಂತರ. ಅಷ್ಟರವರೆಗೂ ಏರಿಯ ಮೇಲಿನ ಒಬ್ಬ ನರಪಿಳ್ಳೆಯೂ ಕದಲಿರಲಿಲ್ಲ. ಯಾರೋ ಕಡಲೆಕಾಯಿ ಹಂಚುತ್ತಿದ್ದರು. ಮಸ್ತಾನ್ ಭಾಯ್ ಗಾಡಿಯ ಸುತ್ತ ಇಣುಕಿದರು. ಸೀಟಿನ ಹಿಂದೆ ಕೈ ಹಾಕಿದರು. ಹಾಕಿದ ಕೈ ನಿಂತಿತು. ಅಲ್ಲಿಂದ ಮೆಲ್ಲಗೆ ಒಂದು ಉದ್ದನೆಯ ಬಟ್ಟೆಯನ್ನು ಎಳೆದು ಹೊರತೆಗೆದರು. ಮಾವನ ಟವಲ್.

"ಅರೆ ಅಲ್ಲಾ! ಗಾಳಿ ಎಳ್ಕೊಳ್ಳೋ ಬಾಯಿಗೆ ಇದನ್ನ ಯಾರು ಕಟ್ಟಿದ್ದು?"

"ನಾನೇ" ಎಂದರು ಮಾವ. "ಕುಕ್ಕೆ ಕಟ್ಟಿದೆ. ಕೆರೆಯಾಗೆ ಧೂಳು ಜಾಸ್ತಿ. ಮೂಗಿಗೆ ಹೋದಾತು ಅಂತ."

ಕಣ ಮಾಡುವಾಗ ಎತ್ತು ತೆನೆಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಬಲೆಗೆ ನಮ್ಮಲ್ಲಿ ಕುಕ್ಕೆ ಎನ್ನುತ್ತಾರೆ. ಮಾವ ಬೆಳಗ್ಗೆಯೇ ಗಾಡಿ ಎಲ್ಲಿಂದ ಉಸಿರಾಡುತ್ತದೆ ಎಂದು ಅಂಗೈ ಒಡ್ಡಿ ಪತ್ತೆಮಾಡಿ, ಟವಲನ್ನು ನಾಲ್ಕು ಮಡಿಕೆ ಮಾಡಿ ಬಿಗಿದು ಕಟ್ಟಿದ್ದರು.

ಮಸ್ತಾನ್ ಭಾಯ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಜಮಾನ್ರೇ, ಉಸಿರು ಕಟ್ಸಿದ್ರೆ ಯಾರಾದ್ರೂ ಮಲಗ್ತಾರೆ! ನಾನೂ ಮಲಗ್ತೀನಿ!" ಕೀಲಿ ತಿರುಗಿಸಿದರು. ಗಾಡಿ ಒಂದೇ ಏಟಿಗೆ ಎದ್ದಿತು. ಅವರು ಒಂದು ಸುತ್ತು ಓಡಿಸಿ, ಇಳಿದು, ಚಕ್ರಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದರು. ನಗು ನಿಂತಿತು. "ಇಂಜಿನ್ ಬಹುತ್ ಅಚ್ಛಾ ಇದೆ. ಒಂದೇ ಕಂಪ್ಲೇಂಟು. ಹಿಂದಿನ ಎಡಗಡೆ ಚಕ್ರದ ಬೇರಿಂಗ್ ಹೋಗಿದೆ."

ನಾನು ಸೀಟಿಯನ್ನು ಬಾಯಿಗಿಟ್ಟು ಇದ್ದಷ್ಟು ಉಸಿರಿನಲ್ಲಿ ಊದಿದೆ. ಏರಿಯ ಕಡೆ ತಿರುಗಿ ಕೂಗಿದೆ: "ಹಿಂದ್ಲ ಎಡಗಾಲು! ಪಾವಗಡದಲ್ಲೇ ಹೇಳಿದ್ರು ನಮ್ಮ ಮಾವ! ಹಿಂದ್ಲ ಎಡಗಾಲು!" ಆ ಎತ್ತು ಕೊಂಡಿದ್ದ ಮನುಷ್ಯ ಏರಿಯಿಂದ ಇಳಿದು ಬಂದ. ಮಾವನ ಮುಂದೆ ನಿಂತು, ಕಾಲ್ಬೆರಳಲ್ಲಿ ಮಣ್ಣು ಕೆದಕುತ್ತಾ, "ಹನ್ಮಂತ್ರಾಯಣ್ಣ, ನನ್ ಮಗ ಹಳೇ ಟ್ರಾಕ್ಟ್ರು ತಗಳ್ತೀನಿ ಅಂತ ಕುಂತವ್ನೆ. ಒಂದಪ ಬಂದು ಹಲ್ಲು ನೋಡೀಯಾ?" ಎಂದ. ಮಾವ ನಶ್ಯದ ಡಬ್ಬಿ ತೆಗೆದು ಮೊದಲು ಅವನಿಗೆ ಕೊಟ್ಟರು. ಅವರ ಕಣ್ಣಿನಲ್ಲಿ ನೀರು ಬಂದದ್ದು ನಶ್ಯ ಏರಿಸುವುದಕ್ಕೆ ಮುಂಚೆಯೇ ಎನ್ನುವುದನ್ನು ನಾನು ನೋಡಿದ್ದೇನೆ.

ಆಮೇಲಿನ ಎರಡು ವರ್ಷ ನಮ್ಮ ಭಾನುವಾರಗಳು ಅವರವಾದವು. ಬೆಳಗಿನ ಬಸ್ಸಿಗೆ ಬಂದು ಬಲಗಡೆ ಸೀಟಿನಲ್ಲಿ ಕೂರುತ್ತಿದ್ದರು. ಮಕ್ಕಳು ಸರದಿಯ ಮೇಲೆ. ಮಾವ ಇಳಿಯುವವರೆಗೆ ಕಾಯಬೇಕು. ಮಂಜುನಾಥ ಹಿಂದಿನಿಂದ ಛತ್ರಿ ಹಿಡಿದು ನಡೆದು ಬರುತ್ತಿದ್ದರು, ನಿಧಾನವಾಗಿ. ನಮ್ಮ ನಾಡಿನಲ್ಲಿ ಡ್ರೈವರ್ ಕೂರುವುದು ಬಲಗಡೆಯಾದ್ದರಿಂದ ದೂರದಿಂದ ನೋಡಿದವರಿಗೆಲ್ಲ ಮಾವನೇ ಗಾಡಿ ಓಡಿಸುವಂತೆ ಕಾಣುತ್ತಿತ್ತು. ಮಾವನಿಗೆ ಇದು ಗೊತ್ತಾಗಲು ಒಂದು ವಾರ ಹಿಡಿಯಿತು. ಗೊತ್ತಾದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಎದುರಿಗೆ ಯಾರಾದರೂ ಬರುವುದು ಕಂಡರೆ ಸಾಕು, ಎರಡು ಕೈಯನ್ನೂ ತಲೆಯ ಹಿಂದೆ ಕಟ್ಟಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು.

ಕುರಿ ಮೇಯಿಸುವ ಕರಿಯಣ್ಣ ಮೊದಲ ಸಲ ಅದನ್ನು ಕಂಡಾಗ, "ಅಯ್ಯಯ್ಯೋ, ಮುದ್ಕ ನಿದ್ದೆ ಹೊಡೀತಾವ್ನೆ!" ಎಂದು ಕಿರುಚಿ, ನಲವತ್ತು ಕುರಿಗಳ ಸಮೇತ ಜಾಲಿಮುಳ್ಳಿಗೆ ನುಗ್ಗಿದ. ಗಾಡಿ ನಿಲ್ಲಿಸಿ ಮುಳ್ಳು ಕೀಳುತ್ತಾ ನಾನು ಹೇಳಿದೆ: "ಓಡಿಸ್ತಿರೋದು ನಾನು ಕರಿಯಣ್ಣ, ಅವರಲ್ಲ." ಅವನು ನಂಬಲಿಲ್ಲ. "ಯಜಮಾನ್ರು ಕಣ್ಮುಚ್ಕಂಡೇ ಓಡುಸ್ತಾರೆ" ಎಂದು ಊರೆಲ್ಲ ಹೇಳಿಕೊಂಡು ಬಂದ. ಕಂಡಾಗಲೆಲ್ಲ ಮಾವನಿಗೇ ನಮಸ್ಕಾರ, ನನಗಲ್ಲ. "ಓಡಿಸ್ತಿರೋದು ನಾನು" ಎಂದು ನಾನು ಆ ಎರಡು ವರ್ಷದಲ್ಲಿ ಎಷ್ಟು ಜನಕ್ಕೆ, ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ಮಾವ ಪಕ್ಕದಲ್ಲಿ ಗಂಭೀರವಾಗಿ, "ಹೆಣ್ಮಕ್ಳಿಗೂ ಕಲಿಸ್ತಾ ಇವ್ನಿ" ಎನ್ನುತ್ತಿದ್ದರು.

ವಾರದ ದಿನಗಳಲ್ಲಿ ಅವರಿಗೆ ಪುರುಸೊತ್ತಿರಲಿಲ್ಲ. ಹಳೇ ಟ್ರಾಕ್ಟರು, ಟಿಲ್ಲರು, ಸ್ಕೂಟರು, ಕೊನೆಗೆ ಒಂದು ವಾಷಿಂಗ್ ಮಷೀನು ಎಲ್ಲವನ್ನೂ ಜನ ಅವರಿಗೆ ತೋರಿಸಿ ಕೊಳ್ಳತೊಡಗಿದರು. ವಾಷಿಂಗ್ ಮಷೀನನ್ನು ಅವರು ತಿರಸ್ಕರಿಸಿದ್ದರು. "ನಿಂತಲ್ಲೇ ಕುಣೀತೈತೆ, ನಡೆಯಲ್ಲ. ನಡೆ ಕಾಣ್ದೆ ನಾನೆಂಗೆ ಹೇಳ್ಲಿ?"

ಹೋದ ಸಂಕ್ರಾಂತಿಯ ಹೊತ್ತಿಗೆ ಮಾವ ಭಾನುವಾರಕ್ಕೆ ಬರುವುದು ನಿಂತಿತು. ಹೃದಯ ಬಹಳ ದಣಿದಿದೆ, ಆಪರೇಷನ್ನಿಗೂ ತಡೆಯುವುದಿಲ್ಲ ಎಂದಿದ್ದರು ಡಾಕ್ಟರು. ನೋಡಲು ಹೋದಾಗ ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಮಂಚ ಹಾಕಿಸಿಕೊಂಡು ಕಂಬಳಿ ಹೊದ್ದು ಮಲಗಿದ್ದರು. ಮೀಸೆ ಮಾತ್ರ ಹುರಿಯಾಗಿಯೇ ಇತ್ತು. "ನಾನೇ ಮಲಗ್ಬುಟ್ಟೆ ನೋಡು" ಎಂದು ನಕ್ಕರು. ಆಮೇಲೆ, "ಕೈ ಕೊಡು" ಎಂದರು.

ಕಂಬಳಿಯ ಕೆಳಗೆ ಕೈ ಕೊಟ್ಟೆ. ಸುಮ್ಮನೆ ಹಿಡಿದುಕೊಳ್ಳಲು ಎಂದುಕೊಂಡಿದ್ದೆ. ಅವರ ಬೆರಳುಗಳು ಹಳೆಯ ಹಾಗೆ ಮಾತಾಡತೊಡಗಿದವು. "ಎಷ್ಟು ಕೇಳ್ತೀಯ?" ಎಂದರು. ಏನು ಕೇಳುತ್ತಿದ್ದಾರೆ ಎನ್ನುವುದು ನನಗೆ ತಿಳಿಯಿತು. ಅವರ ಐದೂ ಬೆರಳನ್ನು ಒಟ್ಟಿಗೆ ಹಿಡಿದೆ. ಬಿಟ್ಟು, ಮತ್ತೆ ಐದೂ ಹಿಡಿದೆ.

"ಹತ್ತಾ?" ಮಾವ ಕೆಮ್ಮುತ್ತಾ ನಕ್ಕರು. "ಸಂತೆ ಮುಗಿಯೋ ಹೊತ್ನಾಗೆ ಯಾವನವ್ವ ಹತ್ತು ಕೊಡ್ತಾನೆ?" ಒಂದೊಂದೇ ಬೆರಳನ್ನು ನನ್ನ ಮುಷ್ಟಿಯಿಂದ ಬಿಡಿಸಿಕೊಂಡರು. ನಾನು ಬಿಗಿಯಾಗಿ ಹಿಡಿದೆ. ಕೊನೆಗೆ ಒಂದು ಉಳಿಯಿತು. "ಒಂದು. ಅದ್ಕೂ ಮ್ಯಾಕೆ ಆಗಕಿಲ್ಲ."

"ಒಂದು ಏನು ಮಾವ? ವರ್ಷವಾ? ತಿಂಗಳಾ?"

"ಅದ್ನ ಬಾಯಾಗೆ ಹೇಳ್ಬಾರ್ದು ಅಂತ್ಲೇ ಕಣಮ್ಮ ಟವಲ್ ಹಾಕೋದು."

ಅದು ಒಂದು ಭಾನುವಾರ ಎನ್ನುವುದು ಆಮೇಲೆ ಗೊತ್ತಾಯಿತು. ಆ ವಾರವೇ ಹಟ ಮಾಡಿ ಮಗನ ಕಾರಿನಲ್ಲಿ ನಮ್ಮ ಮನೆಗೆ ಬಂದರು. ಬಲಗಡೆ ಸೀಟಿಗೆ ಮಂಜುನಾಥ ಎತ್ತಿ ಕೂರಿಸಿ ಬೆಲ್ಟ್ ಹಾಕಿದರು. ಎತ್ತಿನ ನಡಿಗೆಯಲ್ಲಿ ಕೆರೆಯನ್ನು ಒಂದು ಸುತ್ತು ಬಂದೆವು. ಕರಿಯಣ್ಣ ಎದುರಾದಾಗ ಮಾವ ಕಷ್ಟಪಟ್ಟು ಎರಡೂ ಕೈ ಎತ್ತಿ ತಲೆಯ ಹಿಂದೆ ಕಟ್ಟಿಕೊಂಡು ಕಣ್ಣು ಮುಚ್ಚಿದರು. ಗುರುವಾರ ಬೆಳಗ್ಗೆ ಅವರ ಮಗ ಫೋನ್ ಮಾಡಿದ.

ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ಮಕ್ಕಳು ಗಾಡಿ ಹತ್ತಲು ಒಪ್ಪಲಿಲ್ಲ. ಮಂಜುನಾಥ ಛತ್ರಿ ಹಿಡಿದು ಬಾಗಿಲವರೆಗೆ ಬಂದು ನಿಂತುಬಿಟ್ಟರು. ನಾನೊಬ್ಬಳೇ ಹೋದೆ. ಅವರ ಮಗ ಕೊಟ್ಟಿದ್ದ ಟವಲನ್ನು ಬಲಗಡೆ ಸೀಟಿನ ಮೇಲಿಟ್ಟು ಬೆಲ್ಟ್ ಹಾಕಿದ್ದೆ. ಕೆರೆಯ ಮಧ್ಯದಲ್ಲಿ ಕರಿಯಣ್ಣ ಕುರಿ ಬಿಟ್ಟುಕೊಂಡು ನಿಂತಿದ್ದ. ಗೆಜ್ಜೆ ಸದ್ದಿಗೆ ತಿರುಗಿ ನೋಡಿದ. ಬಾಯಿ ತೆರೆದ.

"ಟೀಚರಮ್ಮ! ಇದೇನು, ಓಡ್ಸೋರೇ ಇಲ್ವಲ್ಲ!"

ಎರಡು ವರ್ಷ ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತು ನಾಲಗೆ ತುದಿಗೆ ಬಂತು. ಅದನ್ನು ನುಂಗಿಕೊಂಡೆ.

"ಹೌದು ಕರಿಯಣ್ಣ. ಇಲ್ಲ" ಎಂದೆ.

ಅವನು ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕುರಿಗಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ. ನಾನು ಸೀಟಿ ಊದಲಿಲ್ಲ. ಎತ್ತಿನ ನಡಿಗೆಯಲ್ಲಿ ಮುಂದಕ್ಕೆ ಬಿಟ್ಟೆ.